ನೀರಿನ ಮೇಲಿನ ವಿಲ್ಲಾ: ಈಜು ಬಾರದವರಿಗೆ ಸರಿಹೋದೀತೇ?

ಪ್ರಶ್ನೆ: ಚಿಂತಾಮಣಿಯಿಂದ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಗೆ ನಮ್ಮ ಮದುವೆಯಾಗಿ 25 ವರ್ಷ ತುಂಬುತ್ತದೆ. ಮಗಳು, ಅಳಿಯ ಇಬ್ಬರೂ ಸೇರಿ ನಮ್ಮನ್ನು ಮಾಲ್ಡೀವ್ಸ್‌ಗೆ ಕಳುಹಿಸಲೇಬೇಕೆಂದು ಹಟ ಹಿಡಿದಿದ್ದಾರೆ. ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ ವಿಲ್ಲಾದಲ್ಲಿ ನಾಲ್ಕು ರಾತ್ರಿ ತಂಗುವ ಯೋಜನೆಯೊಂದಕ್ಕೆ ಬೆಂಗಳೂರಿನ ಏಜೆಂಟರೊಬ್ಬರು ದರವನ್ನೂ ಕಳುಹಿಸಿದ್ದಾರೆ.

ನಮ್ಮಿಬ್ಬರಿಗೂ ಈಜು ಬರುವುದಿಲ್ಲ. ನನ್ನ ಅಣ್ಣಂದಿರು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವರು. ನನ್ನ ಸರದಿ ಬರುವ ಹೊತ್ತಿಗೆ ಬಾವಿಯಲ್ಲಿ ನೀರೇ ಇರಲಿಲ್ಲ. ನನ್ನ ಪತ್ನಿ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಅವರ ಚಿಂತೆ ಒಂದೇ: ಕೆಳಗೆ ಸಮುದ್ರ ಮೊರೆಯುತ್ತಿರುವಾಗ ಮೇಲೆ ನಿದ್ದೆ ಹೇಗೆ ಬಂದೀತು? ನನ್ನ ಚಿಂತೆ ಬೇರೆ. ಏಜೆಂಟರು ಕಳುಹಿಸಿದ ಮೊತ್ತದಲ್ಲಿ ಏನೇನು ಸೇರಿದೆ, ಏನೇನು ಅಲ್ಲಿಗೆ ಹೋದ ಮೇಲೆ ತಲೆಯ ಮೇಲೆ ಬೀಳುತ್ತದೆ ಎಂಬುದು ತಿಳಿಯುತ್ತಿಲ್ಲ. ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೋಲಾರದಿಂದ

ಮೊದಲು ಹಣದ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ನಾವು ಪೆಟ್ಟು ತಿಂದದ್ದು ಅಲ್ಲಿಯೇ. ಅಲ್ಲಿನ ರೆಸಾರ್ಟ್‌ಗಳು ದರವನ್ನು ಡಾಲರ್‌ನಲ್ಲಿ ಹೇಳುತ್ತವೆ. ದರದ ಮುಂದೆ 'ಪ್ಲಸ್ ಪ್ಲಸ್' ಎಂದಿದ್ದರೆ ಸೇವಾ ಶುಲ್ಕ ಮತ್ತು ತೆರಿಗೆ ಬೇರೆಯೆಂದು ಅರ್ಥ. ವಿಲ್ಲಾದ ಬಾಡಿಗೆ ರಾತ್ರಿಗೆ 400 ಡಾಲರ್ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ 10 ಸೇವಾ ಶುಲ್ಕ ಸೇರಿ 440 ಆಗುತ್ತದೆ. ಆ 440ರ ಮೇಲೆ ಶೇ 17ರಷ್ಟು ಪ್ರವಾಸೋದ್ಯಮ ಜಿಎಸ್‌ಟಿ ಬೀಳುತ್ತದೆ. 2025ರ ಜೂನ್‌ವರೆಗೆ ಇದು ಶೇ 16 ಇತ್ತು. ಇದಲ್ಲದೆ ಹಸಿರು ತೆರಿಗೆ ಎಂದು ತಲಾ, ರಾತ್ರಿಗೆ 12 ಡಾಲರ್ ಇದೆ. ಎಲ್ಲ ಕೂಡಿದರೆ ನಿಮ್ಮಿಬ್ಬರಿಗೆ 400ರ ಕೋಣೆ 539 ಡಾಲರ್‌ಗೆ ಬಂದು ನಿಲ್ಲುತ್ತದೆ, ಊಟ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಿಮ್ಮ ಏಜೆಂಟರು ಕೊಟ್ಟದ್ದು ಯಾವ ಅಂಕಿ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಆದರೆ ಪ್ಯಾಕೇಜಿನ ಮೇಲೆ ಅವರು ಇಲ್ಲಿ ಹಿಡಿದುಕೊಳ್ಳುವ ಟಿಸಿಎಸ್ ಎಂಬ ಮುಂಗಡ ತೆರಿಗೆ ನಷ್ಟವಲ್ಲ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ಎರಡನೆಯದು ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಹೋಗುವ ದಾರಿ. ಮಾಲೆಯ ನಿಲ್ದಾಣವೇ ಒಂದು ದ್ವೀಪ. ಅಲ್ಲಿಂದ ಹತ್ತಿರದ ರೆಸಾರ್ಟ್‌ಗಳಿಗೆ ಸ್ಪೀಡ್ ಬೋಟ್, ದೂರದವುಗಳಿಗೆ ನೀರಿನ ಮೇಲೆ ಇಳಿಯುವ ಸೀಪ್ಲೇನ್. ಸೀಪ್ಲೇನ್ ಹಾರುವುದು ಹಗಲು ಬೆಳಕಿನಲ್ಲಿ ಮಾತ್ರ. ನಮ್ಮ ಏಜೆಂಟರು ಈ ಮಾತನ್ನು ಹೇಳಲೇ ಇಲ್ಲ. ನಾವು ಸಂಜೆಯ ಹೊತ್ತಿಗೆ ಇಳಿದಾಗ ಆ ದಿನದ ಕೊನೆಯ ಸೀಪ್ಲೇನ್ ಹೊರಟುಹೋಗಿತ್ತು. ಮೊದಲ ರಾತ್ರಿ ನಿಲ್ದಾಣದ ಪಕ್ಕದ ಹುಳುಮಾಲೆ ದ್ವೀಪದ ಸಾಧಾರಣ ಕೋಣೆಯೊಂದರಲ್ಲಿ ಸ್ವಂತ ಖರ್ಚಿನಲ್ಲಿ ಮಲಗಿದೆವು. ಆ ರಾತ್ರಿಗೇ ಹಣ ಕಟ್ಟಿದ್ದ ವಿಲ್ಲಾ ಖಾಲಿಯಾಗಿ ಬಿದ್ದಿತ್ತು. ಸೀಪ್ಲೇನಿನ ಹೋಗಿಬರುವ ದರವೂ ಹಲವು ಕಡೆ ತಲಾ 400 ಡಾಲರ್ ದಾಟುತ್ತದೆ. ಸಾಮಾನು ಸಾಮಾನ್ಯವಾಗಿ 20 ಕಿಲೋ, ಕೈಚೀಲ 5 ಕಿಲೋ. ಮೇಲಿನಿಂದ ಹವಳದ ಉಂಗುರಗಳು ಕಾಣುವ ಆ ನೋಟವನ್ನು, ಬರಿಗಾಲಿನಲ್ಲಿ ವಿಮಾನ ಓಡಿಸುವ ಪೈಲಟ್‌ಗಳನ್ನು ನೋಡಲು ಆಸೆಯಿದ್ದರೆ ಹೋಗಿ. ಖರ್ಚು ಹಿಡಿತದಲ್ಲಿರಬೇಕಾದರೆ ಉತ್ತರ ಅಥವಾ ದಕ್ಷಿಣ ಮಾಲೆ ಹವಳ ವಲಯದಲ್ಲಿ, ಸ್ಪೀಡ್ ಬೋಟ್ ತಲುಪುವ ದ್ವೀಪವನ್ನು ಆರಿಸಿಕೊಳ್ಳಿ.

ಉತ್ತರ: ಶಿರಾದಿಂದ

ನಿಮ್ಮ ಮನೆಯವರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ನನ್ನ ತಾಯಿಯವರೂ ಅದನ್ನೇ ಕೇಳಿದ್ದರು. ಮಂಗಳೂರಿನಲ್ಲೋ ಉಡುಪಿಯಲ್ಲೋ ಕಂಡ ಸಮುದ್ರವನ್ನು ಮನಸ್ಸಿನಿಂದ ತೆಗೆದುಬಿಡಿ. ಈ ವಿಲ್ಲಾಗಳನ್ನು ಕಟ್ಟುವುದು ತೆರೆದ ಕಡಲಿನಲ್ಲಲ್ಲ, ಲಗೂನ್ ಎಂಬ ತಿಳಿನೀರಿನ ಮಡುವಿನಲ್ಲಿ. ಸುತ್ತಲೂ ಇರುವ ಹವಳದ ದಿಬ್ಬಕ್ಕೆ ಬಡಿದು ಅಲೆಗಳು ಹೊರಗೇ ಮುರಿಯುತ್ತವೆ. ದೂರದಲ್ಲಿ ಬಿಳಿಯ ಗೆರೆಯೊಂದು ಕಾಣುತ್ತದೆ, ಅಷ್ಟೆ. ಉಬ್ಬರವಿಳಿತದ ಅಂತರವೂ ಸುಮಾರು ಒಂದು ಮೀಟರಿನೊಳಗೇ ಇರುತ್ತದೆ. ನಾವಿದ್ದ ಕಡೆ ಏಣಿಯ ಬುಡದಲ್ಲಿ ನೀರು ನನ್ನ ಎದೆಮಟ್ಟಕ್ಕೆ, ಇಳಿತದ ಹೊತ್ತಿನಲ್ಲಿ ಸೊಂಟಕ್ಕೆ ಇತ್ತು. ಆದರೆ ಎಲ್ಲ ದ್ವೀಪಗಳಲ್ಲೂ ಹೀಗೆಯೇ ಇರುವುದಿಲ್ಲ. ಕೆಲವು ವಿಲ್ಲಾಗಳು ದಿಬ್ಬದ ಅಂಚಿನಲ್ಲಿಯೇ ಇದ್ದು, ಏಣಿಯಿಂದ ನಾಲ್ಕು ಹೆಜ್ಜೆಗೆ ಆಳ ಸಿಗುತ್ತದೆ. ಈಜು ಬಾರದವರೆಂದು ಮೊದಲೇ ತಿಳಿಸಿ, ಆಳವಿಲ್ಲದ ಕಡೆಯ ವಿಲ್ಲಾವನ್ನೇ ಕೇಳಿ, ಲೈಫ್ ಜಾಕೆಟ್ ತೊಟ್ಟೇ ಇಳಿಯಿರಿ.

ಮೊದಲ ರಾತ್ರಿ ನಿದ್ದೆ ಬರಲಿಲ್ಲವೆಂಬುದು ನಿಜ. ಕೋಣೆಯ ನೆಲದಲ್ಲಿ ಗಾಜಿನ ಚೌಕವೊಂದಿತ್ತು, ಅದರಡಿ ದೀಪ. ಅಮ್ಮ ಅದರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಬೆಳಕಿಗೆ ಬಂದ ಮೀನುಗಳನ್ನು ಮಧ್ಯರಾತ್ರಿಯವರೆಗೂ ನೋಡಿದರು. ಕಾಲಿಟ್ಟರೆ ಒಡೆದೀತೆಂದು ನಾಲ್ಕು ದಿನವೂ ಅದನ್ನು ಸುತ್ತಿ ಬಳಸಿಯೇ ಓಡಾಡಿದರು. ಕಂಬಗಳಿಗೆ ನೀರು ತಗಲುವ ಸದ್ದು ಮೊರೆತವಲ್ಲ, ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವಾಗ ಆಗುವ ತುಳುಕಿನಂಥದು. ಗಾಳಿ ಎದ್ದಾಗ ಮರದ ಹಲಗೆಗಳು ಕಿರುಗುಟ್ಟುತ್ತವೆ. ನೈಋತ್ಯ ಮುಂಗಾರಿನ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಗಾಳಿ ಮಳೆ ಹೆಚ್ಚು. ನೀವು ಹೋಗುವ ಜನವರಿ ಒಣ ಕಾಲ. ಸಮುದ್ರ ಶಾಂತವಾಗಿರುತ್ತದೆ, ದರ ಮಾತ್ರ ಏರಿರುತ್ತದೆ.

ನಾಲ್ಕೂ ರಾತ್ರಿ ನೀರಿನ ಮೇಲೆಯೇ ಬೇಡವೆಂದು ನನ್ನ ಅಭಿಪ್ರಾಯ. ಮರಳ ದಡದ ವಿಲ್ಲಾದಲ್ಲಿ ಮೊದಲ ಎರಡು ರಾತ್ರಿ ಇದ್ದು, ನೀರಿಗೆ ಕಣ್ಣು ಹೊಂದಿಕೊಂಡ ಮೇಲೆ ಉಳಿದ ಎರಡು ರಾತ್ರಿ ಅಲ್ಲಿಗೆ ಹೋಗಿ. ದಡದ ವಿಲ್ಲಾದ ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ನೀರಿನ ಮೇಲೆ ಮಧ್ಯಾಹ್ನದ ಬಿಸಿಲಿಗೆ ಮರದ ನೆರಳಿಲ್ಲ, ಊಟಕ್ಕೆ ಉದ್ದನೆಯ ಮರದ ಕಾಲುದಾರಿಯಲ್ಲಿ ನಡೆಯಬೇಕು ಅಥವಾ ಬಗ್ಗಿ ಎಂಬ ಪುಟ್ಟ ಗಾಡಿಗೆ ಕಾಯಬೇಕು. ಅಂದಹಾಗೆ, ಇಂತಹ ಮನೆಗಳು ರೆಸಾರ್ಟಿಗೆ ಬಂದದ್ದೇ ಮರಳಿನ ಕೊರತೆಯಿಂದ. 1967ರಲ್ಲಿ ಪೆಸಿಫಿಕ್ ಸಾಗರದ ರಾಯಾಟೆಯಾ ದ್ವೀಪದಲ್ಲಿ ಹೋಟೆಲ್ ನಡೆಸುತ್ತಿದ್ದ ಮೂವರು ಅಮೆರಿಕನ್ನರು, ತಮ್ಮಲ್ಲಿ ಮರಳ ದಡವಿಲ್ಲವೆಂದು ಕೋಣೆಗಳನ್ನು ನೀರಿನ ಮೇಲೆಯೇ ಕಟ್ಟಿಸಿದರು. ಮಾಲ್ಡೀವ್ಸ್‌ನಲ್ಲಿ ಮೊದಲ ರೆಸಾರ್ಟ್ ತೆರೆದದ್ದು 1972ರಲ್ಲಿ. ಅಲ್ಲಿ ಮರಳಿಗೆ ಬರವಿಲ್ಲ. ಅದನ್ನು ಬಿಟ್ಟು ಬರಬೇಡಿ.

ಉತ್ತರ: ಚಿಕ್ಕಬಳ್ಳಾಪುರದಿಂದ

ಊಟದ ಬಗ್ಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತಿದ್ದೇನೆ. ದ್ವೀಪದಲ್ಲಿ ರೆಸಾರ್ಟಿನ ಊಟದ ಮನೆ ಬಿಟ್ಟರೆ ಬೇರೆ ಹೋಟೆಲ್ ಇರುವುದಿಲ್ಲ, ನೀರಿನ ಬಾಟಲಿಗೂ ಅವರದೇ ಬೆಲೆ. ಆದ್ದರಿಂದ ಬೆಳಗಿನ ತಿಂಡಿ ಮಾತ್ರ ಸೇರಿದ ದರ ಅಗ್ಗವೆಂದು ಒಪ್ಪಿಕೊಳ್ಳಬೇಡಿ. ಮೂರು ಹೊತ್ತಿನ ಊಟ ಸೇರಿದ್ದನ್ನೇ ಕೇಳಿ. ನಾವಿದ್ದ ಕಡೆ ಭಾರತೀಯ ಅಡುಗೆಯವರಿದ್ದರು. ಮೊದಲ ದಿನವೇ ಹೇಳಿದ್ದರಿಂದ ಅನ್ನ, ಬೇಳೆ, ಪಲ್ಯಕ್ಕೆ ಕೊರತೆಯಾಗಲಿಲ್ಲ. ಆದರೆ ತಿಂಡಿಯ ಮೇಜಿನ ಮೇಲಿರುವ ಮಾಸ್ ಹುನಿ ಎಂಬುದರ ಬಗ್ಗೆ ಮೇಡಂ ಅವರಿಗೆ ಎಚ್ಚರಿಕೆ ಹೇಳಿ. ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಕಲಸಿಟ್ಟದ್ದು ನೋಡುವುದಕ್ಕೆ ನಮ್ಮ ಕೋಸಂಬರಿಯಂತೆಯೇ ಇರುತ್ತದೆ, ಪಕ್ಕದಲ್ಲಿ ಚಪಾತಿಯಂತಹ ರೋಶಿ ಬೇರೆ. ಅದರಲ್ಲಿ ಬೆರೆತಿರುವುದು ಟ್ಯೂನಾ ಮೀನು. ನಾನು ತಟ್ಟೆಗೆ ಬಡಿಸಿಕೊಂಡ ಮೇಲೆ ಪರಿಚಾರಕರೇ ಓಡಿ ಬಂದು ತಡೆದರು.

ಭಾರತೀಯರಿಗೆ ಅಲ್ಲಿಗೆ ಇಳಿದ ಮೇಲೆ ಪ್ರವಾಸಿ ವೀಸಾವನ್ನು ಉಚಿತವಾಗಿ ಕೊಡುತ್ತಾರೆ. ಹೊರಡುವ ಮುನ್ನ 96 ಗಂಟೆಗಳೊಳಗೆ ಇಮುಗಾ ಎಂಬ ಸರ್ಕಾರಿ ಜಾಲತಾಣದಲ್ಲಿ ವಿವರ ತುಂಬಬೇಕು, ಮರಳುವಾಗ ಇನ್ನೊಮ್ಮೆ. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ತಾಣಗಳು ಬೇರೆಯವರದು. ಮದ್ಯವನ್ನು ಒಳಗೆ ಒಯ್ಯುವಂತಿಲ್ಲ. ಇನ್ನೊಂದು ಮುಖ್ಯ ವಿಷಯ: ಪೂಜೆಯ ವಿಗ್ರಹಗಳನ್ನೂ ಅಲ್ಲಿನ ಸುಂಕದವರು ಬಿಡುವುದಿಲ್ಲ. ಪ್ರವಾಸದಲ್ಲೂ ಪುಟ್ಟ ಗಣಪತಿಯನ್ನು ಚೀಲದಲ್ಲಿಟ್ಟುಕೊಳ್ಳುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ, ಈ ಬಾರಿ ಗಣಪತಿಯನ್ನು ಚಿಂತಾಮಣಿಯಲ್ಲೇ ಬಿಟ್ಟು ಹೋಗಿ. ಬರುವಾಗ ಹವಳದ ತುಂಡನ್ನೂ ಆಯ್ದು ತರಬೇಡಿ, ಅದಕ್ಕೂ ನಿಷೇಧವಿದೆ.

ಮರು ಉತ್ತರ: ಚಿಂತಾಮಣಿಯಿಂದ

ಮೂವರ ಉತ್ತರಗಳಿಂದ ನನ್ನ ಕೆಲಸವಾಯಿತು, ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಏಜೆಂಟರಿಗೆ ಪ್ರಶ್ನೆಗಳನ್ನು ಬರೆದು ಕಳುಹಿಸಿದೆ. ಅವರ ದರದಲ್ಲಿ ಸೀಪ್ಲೇನ್ ಸೇರಿರಲಿಲ್ಲ, ಹಸಿರು ತೆರಿಗೆಯೂ ಸೇರಿರಲಿಲ್ಲ, ಊಟವೆಂದರೆ ಬೆಳಗಿನ ತಿಂಡಿ ಮಾತ್ರ. ಸ್ಪೀಡ್ ಬೋಟ್ ತಲುಪುವ ದ್ವೀಪದಲ್ಲಿ, ದಡದಲ್ಲಿ ಎರಡು ಮತ್ತು ನೀರಿನ ಮೇಲೆ ಎರಡು ರಾತ್ರಿಗೆ, ಮೂರು ಹೊತ್ತಿನ ಊಟ ಸೇರಿಸಿ ಹೊಸ ದರ ಕೇಳಿದ್ದೇನೆ. ಶಿರಾದವರು ಬರೆದ ಗಾಜಿನ ನೆಲದ ಸಂಗತಿಯನ್ನು ಮನೆಯಲ್ಲಿ ಓದಿ ಹೇಳಿದೆ. ಇಷ್ಟು ದಿನ ನಿದ್ದೆಯ ಚಿಂತೆ ಮಾಡುತ್ತಿದ್ದವರು ಈಗ, ಆ ಗಾಜು ಇರುವ ಕೋಣೆಯನ್ನೇ ಕೇಳಿರೆಂದು ನನಗೆ ತಾಕೀತು ಮಾಡಿದ್ದಾರೆ.