ಬಾಹಾದ ಮಣ್ಣು ರಸ್ತೆಯಲ್ಲಿ ಒಂದೇ ದಿನ ಎರಡು ಟೈರ್ ಹೋಯಿತು, ತಪ್ಪೆಲ್ಲಿ?

ಬಯಲುಗಾಡಿ:
ನಾನಿರುವುದು ಸ್ಯಾನ್ ಡಿಯಾಗೋದಲ್ಲಿ. ಗಾಡಿ ಹಳೆಯ ಟೊಯೋಟಾ ಫೋರ್‌ರನ್ನರ್. ಹೋದ ತಿಂಗಳು ಮೆಕ್ಸಿಕೋದ ಬಾಹಾದಲ್ಲಿ ಹೆದ್ದಾರಿ 1 ಬಿಟ್ಟು ಸಾನ್ ಬೋರ್ಹಾ ಚರ್ಚಿನ ಕಡೆ ತಿರುಗಿದೆವು. ಅದು 1801ರಲ್ಲಿ ಮುಗಿದ ಕಲ್ಲಿನ ಕಟ್ಟಡ, ಸುತ್ತ ಬರೀ ಮರುಭೂಮಿ. ರಸ್ತೆ ಹೇಗಿದೆ ಅಂದರೆ ಸಿಮೆಂಟ್ ಶೀಟಿನ ಮೇಲೆ ಓಡಿಸಿದ ಹಾಗೆ. ಸ್ಟೀರಿಂಗ್ ಕೈಯಲ್ಲಿ ನಿಲ್ಲಲಿಲ್ಲ. ಮೊದಲು ಹಿಂದಿನ ಎಡ ಟೈರ್ ಹೋಯಿತು, ಸ್ಟೆಪ್ನಿ ಹಾಕಿದೆ. ಗಂಟೆಯೊಳಗೆ ಬಲಗಡೆಯದೂ ಹೋಯಿತು. ಸೋಪು ನೀರು ಹಾಕಿದರೆ ಪಕ್ಕೆಯಲ್ಲಿ ಉಗುರಿನಷ್ಟು ಸೀಳು. ಪ್ಲಗ್ ಚುಚ್ಚಿ, ಗಾಳಿ ತುಂಬಿ ತುಂಬಿ ತೆವಳುತ್ತಾ ವಾಪಸ್ ಬಂದೆವು. ಟೈರ್ ಬದಲಿಸಬೇಕಾ, ಸಸ್ಪೆನ್ಷನ್ ನೋಡಿಸಬೇಕಾ?

ಮರಳುಹಾದಿ:
ಗಾಳಿ ಎಷ್ಟಿತ್ತು? ವೇಗ ಎಷ್ಟು? ಮೇಲೆ ಕ್ಯಾರಿಯರ್‌ನಲ್ಲಿ ಏನೇನಿತ್ತು?

ಬಯಲುಗಾಡಿ:
ಹೆದ್ದಾರಿಯಲ್ಲಿದ್ದ 38 ಪಿಎಸ್‌ಐ, ಹಾಗೇ ಬಿಟ್ಟಿದ್ದೆ. 50 ಕಿ.ಮೀ. ವೇಗ. ನೀರು, ಪೆಟ್ರೋಲ್ ಕ್ಯಾನ್, ಟೆಂಟ್ ಎಲ್ಲಾ ಮೇಲೆ.

ಮರಳುಹಾದಿ:
ಉತ್ತರ ನೀವೇ ಕೊಟ್ಟಿದ್ದೀರಿ ಮಾರಾಯ್ರೇ. 38ರಲ್ಲಿ ಟೈರ್ ಕಲ್ಲಿನ ಥರ ಬಿಗಿಯಾಗಿರುತ್ತದೆ. ಚೂಪು ಕಲ್ಲು ಸಿಕ್ಕರೆ ಬಾಗುವುದಿಲ್ಲ, ಸೀಳುತ್ತದೆ. ಡಾಂಬರು ಬಿಟ್ಟ ತಕ್ಷಣ 25ರ ಆಸುಪಾಸಿಗೆ ಇಳಿಸಿ, 25-30 ಕಿ.ಮೀ. ವೇಗದಲ್ಲೇ ಹೋಗಿ. ಕಡಲ ತೀರದ ಮೆತ್ತನೆ ಮರಳಿಗೆ 15-18 ಬೇಕಾಗಬಹುದು. ಆದರೆ ಕಲ್ಲಿರುವ ಕಡೆ ಅಷ್ಟು ಇಳಿಸಬೇಡಿ, ಪಕ್ಕೆ ಉಬ್ಬಿ ಕಲ್ಲಿಗೆ ಇನ್ನೂ ಸುಲಭವಾಗಿ ಸಿಗುತ್ತದೆ. ವಾಪಸ್ ಹೆದ್ದಾರಿ ಹತ್ತುವ ಮೊದಲು ಗಾಳಿ ತುಂಬಲೇಬೇಕು. ಕಮ್ಮಿ ಗಾಳಿಯಲ್ಲಿ ಜೋರಾಗಿ ಓಡಿಸಿದರೆ ಟೈರ್ ಕಾದು ಒಡೆಯುತ್ತದೆ.

ಪಕ್ಕೆಗೆ ಹಾಕಿದ ಪ್ಲಗ್ ಬರೀ ಊರು ಸೇರುವವರೆಗೆ. ಆ ಟೈರ್ ಎಸೆಯಿರಿ. ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಜಿನುಗಿದೆಯಾ, ಒಮ್ಮೆ ಬಗ್ಗಿ ನೋಡಿ.

ಕಡಲಂಚು:
ಟೈರ್ ವಿಷಯ ಸರಿ. ನನಗೆ ಹೆದರಿಕೆ ಆಗಿದ್ದು ಒಂದೇ ಗಾಡಿಯಲ್ಲಿ ಹೋಗಿದ್ದಕ್ಕೆ. ಎಲ್ ರೊಸಾರಿಯೊ ದಾಟಿದ ಮೇಲೆ ಗೆರ್ರೆರೊ ನೆಗ್ರೊ ಕಡೆಗೆ ಸುಮಾರು 300 ಕಿ.ಮೀ. ಹೆದ್ದಾರಿಯಲ್ಲಿ ಬಂಕ್ ಅನ್ನು ನಂಬುವ ಹಾಗಿಲ್ಲ. ಕತಾವಿನ್ಯಾದಲ್ಲಿ ರಸ್ತೆ ಬದಿ ಡ್ರಮ್ಮಿನಿಂದ ಮಾರುತ್ತಾರೆ, ಅದೂ ಇದ್ದರೆ ಇತ್ತು. ಮೊಬೈಲ್ ಸಿಗ್ನಲ್ ಬಹುಪಾಲು ಇರುವುದಿಲ್ಲ. ಸ್ಯಾಟಲೈಟ್ ಮೆಸೇಜ್ ಸಾಧನ ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 'ಆಂಹೆಲೆಸ್ ವೆರ್ದೆಸ್' ಅನ್ನುವ ಸರ್ಕಾರಿ ಹಸಿರು ಗಾಡಿಯವರಿದ್ದಾರೆ, ಫೋನ್ 078. ಮಣ್ಣು ರಸ್ತೆಗೆ ಅವರನ್ನು ಕಾಯಬೇಡಿ.

ಕತ್ತಲಾದ ಮೇಲೆ ಓಡಿಸಲೇಬೇಡಿ. ಕಳ್ಳರಿಗಿಂತ ಜಾಸ್ತಿ ಹೆದರಬೇಕಾಗಿದ್ದು ಹಸುಗಳಿಗೆ. ಹೆದ್ದಾರಿಯ ಅಂಚೇ ಇಲ್ಲ, ಇಳಿಸಲು ಜಾಗವಿಲ್ಲ. ಮಿಲಿಟರಿ ಚೆಕ್‌ಪೋಸ್ಟ್‌ನಲ್ಲಿ ಸುಮ್ನೆ ಗಾಜು ಇಳಿಸಿ ನಮಸ್ಕಾರ ಹೇಳಿ, ಗಾಡಿಯ ಬಾಗಿಲು ತೆಗೆದು ತೋರಿಸಿ. ಬೇಟೆಗೆ ಹೋಗುವ ಗೆಳೆಯನ ಚೀಲ ತಂದಿದ್ದರೆ ಜೇಬುಗಳನ್ನೆಲ್ಲ ಜಾಲಾಡಿ. ಮರೆತ ಒಂದು ಗುಂಡೂ ಅಲ್ಲಿ ಅಪರಾಧ.

ಅಮೆರಿಕದ ಇನ್ಶೂರೆನ್ಸ್ ಅಲ್ಲಿ ಲೆಕ್ಕಕ್ಕಿಲ್ಲ, ಮೆಕ್ಸಿಕೋದ್ದೇ ತಗೊಳ್ಳಿ. ಮಣ್ಣು ರಸ್ತೆಯ ಹಾನಿ ಅದರಲ್ಲಿ ಸೇರುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದರೆ ಅವಧಿ ಮುಗಿಯದ ಅಮೆರಿಕ ವೀಸಾ ಅಥವಾ ಗ್ರೀನ್ ಕಾರ್ಡ್ ಕೈಯಲ್ಲಿರಲಿ, ಆಗ ಮೆಕ್ಸಿಕೋ ವೀಸಾ ಬೇಕಿಲ್ಲ.

ಬಯಲುಗಾಡಿ:
ವರದಿ ಒಪ್ಪಿಸುತ್ತಿದ್ದೇನೆ. ಮೊನ್ನೆ ಮತ್ತೆ ಹೋದೆವು, ಎರಡು ಗಾಡಿ, ಎರಡೆರಡು ಸ್ಟೆಪ್ನಿ. 25ಕ್ಕೆ ಇಳಿಸಿದ ಮೇಲೆ ಡ್ಯಾಶ್‌ಬೋರ್ಡಿನ ಗಡಗಡ ಅರ್ಧ ಆಯಿತು. ಒಂದೂ ಪಂಕ್ಚರ್ ಇಲ್ಲ. ಹೋಗುವಾಗ ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲೇ ಹಳೆ ಟೈರ್ ಬದಲಿಸಿದೆ. ಅಲ್ಲಿ ಪಂಕ್ಚರ್ ಅಂಗಡಿಗೆ 'ಯಾಂತೇರಾ' ಅನ್ನುತ್ತಾರೆ. ನಮ್ಮೂರಿನ ಹಾಗೇ ಹೊರಗೆ ಹಳೇ ಟೈರ್ ನಿಲ್ಲಿಸಿರುತ್ತಾರೆ, ಬೋರ್ಡ್ ಓದಬೇಕಾಗಿಲ್ಲ.

ಹೊಸ ಸಮಸ್ಯೆ: ವಾಪಸ್ ಗಾಳಿ ತುಂಬುವಾಗ ಎರಡನೇ ಟೈರಿಗೇ ನನ್ನ ಕಂಪ್ರೆಸರ್ ಸಿಕ್ಕಿಸಿದ್ದ ಸಿಗರೇಟ್ ಲೈಟರ್ ಸಾಕೆಟ್‌ನ ಫ್ಯೂಸ್ ಹೋಯಿತು. ಗೆಳೆಯನ ಕಂಪ್ರೆಸರ್ ಮಾನ ಉಳಿಸಿತು.

ಮರಳುಹಾದಿ:
ಆ ಸಾಕೆಟ್ ದೊಡ್ಡ ಕಂಪ್ರೆಸರ್ ತಡೆಯಲ್ಲ. ಕ್ಲಿಪ್ ಇರುವ ವೈರ್ ತಗೊಂಡು ನೇರ ಬ್ಯಾಟರಿಗೆ ಹಾಕಿ, ಇಂಜಿನ್ ಚಾಲೂ ಇರಲಿ. ಎರಡು ಟೈರ್ ಆದ ಮೇಲೆ ಹತ್ತು ನಿಮಿಷ ತಣ್ಣಗಾಗಲು ಬಿಡಿ. ಫ್ಯೂಸ್ ಹಾಕುವಾಗ ಅದೇ ಆಂಪಿಯರಿನದ್ದೇ ಹಾಕಿ, ದೊಡ್ಡದು ಸಿಕ್ಕಿತು ಅಂತ ತುರುಕಬೇಡಿ.