ಪದಚರ್ಚೆ: ಮನೆಯ ಡಿವಿಡಿಯನ್ನು ಎಡಿಟರ್‌ಗೆ "ಆಮದು" ಮಾಡುವುದೆ?

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸ್ಟುಡಿಯೊ ಒಂದಕ್ಕೆ ಎರಡು ಪುಟದ ಕೈಪಿಡಿ ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಮದುವೆ, ನಾಮಕರಣದ ಹಳೇ ಡಿವಿಡಿಗಳನ್ನು ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿಕೊಳ್ಳುವುದು ಹೇಗೆ ಅಂತ. ಇಂಗ್ಲಿಷಿನಲ್ಲಿ ಸಾಲುಸಾಲಿಗೂ "ಇಂಪೋರ್ಟ್". "ಆಮದು ಮಾಡಿ" ಅಂತ ಬರೆದರೆ ಸ್ಟುಡಿಯೊ ಹುಡುಗ ನಕ್ಕುಬಿಟ್ಟ: "ಡಿವಿಡಿ ಏನು ಮಂಗಳೂರು ಬಂದರಿಗೆ ಬಂದಿದೆಯಾ ಮೇಡಂ?" "ಹೋಮ್ ಮೂವಿ"ಗೆ "ಮನೆಚಿತ್ರ" ಆಗಬಹುದೆ? ಸಂಜೆ ಆರಕ್ಕೆ ಪ್ರೆಸ್ಸಿಗೆ ಕೊಡಬೇಕು.

ಹಳಗನ್ನಡ ಮೇಷ್ಟ್ರು:
ಆಮದ್ ಎಂದರೆ ಫಾರಸಿಯಲ್ಲಿ "ಬಂದ", ರಫ್ತ್ ಎಂದರೆ "ಹೋದ". ಹಡಗಿನ ಮಾತೇ ಇಲ್ಲ. (ಬಂದರೂ ಫಾರಸಿಯೇ, ಅದಿರಲಿ.) ಒಳಗೆ ಬಂದದ್ದೆಲ್ಲ ಆಮದು, ಮೆನುಗಳಲ್ಲೂ ಬಳಕೆಯಲ್ಲಿದೆ. ಮುಗಿಯಿತು.
"ಮನೆಚಿತ್ರ" ಕೂಡದು. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ವಿನಾಯಿತಿ ಕೊಟ್ಟದ್ದು ಬಿರುದಾವಳಿಗೆ, ಡಿವಿಡಿಗಲ್ಲ.

ಅಚ್ಚಗನ್ನಡ:
ನಾಡಗೀತೆಗೆ ಎದ್ದು ನಿಲ್ಲುವವರಿಗೆ ಮನೆಚಿತ್ರ ಯಾಕೆ ಚುಚ್ಚುತ್ತದೆ? ಅದೂ ಬೇಡವಾದರೆ "ಮನೆಯ ಓಡುತಿಟ್ಟ" ಎನ್ನಿ. ಇಂಪೋರ್ಟ್‌ಗೆ "ಒಳತರು". ನಮ್ಮ ಬಾಶೆಯಲ್ಲೇ ಬೇರು ಇರುವಾಗ ಪಾರಸಿಯವರ ಮನೆಗೆ ಕಡ ಕೇಳಲು ಹೋಗಬೇಕೆ?

ಹಳಗನ್ನಡ ಮೇಷ್ಟ್ರು:
"ನಾಡ" ಷಷ್ಠಿ. ಸಮಾಸವೇ ಅಲ್ಲ. ಮೊದಲು "ಭಾಷೆ" ಎಂದು ಬರೆಯಲು ಕಲಿಯಿರಿ.

ಕತ್ತರಿ ಕೆಲಸದವ:
ಇಬ್ಬರೂ ಒಂದು ಗಳಿಗೆ ತಡೀರಿ. ಪದಕ್ಕೆ ಮೊದಲು ಕೆಲಸ ನೋಡಿ. ಈಗ ನನ್ನ ಮೇಜಿನ ಮೇಲೇ ಒಂದು ಡಿವಿಡಿ ಇದೆ, ಮಾರ್ಕರಿನಲ್ಲಿ "ಅಕ್ಕನ ಮದುವೆ, ಭಾಗ 1" ಅಂತ ಬರೆದದ್ದು. ತೆರೆದರೆ ವಿಡಿಯೊ_ಟಿಎಸ್ ಅನ್ನುವ ಫೋಲ್ಡರ್, ಅದರೊಳಗೆ ವಿಡಿಯೊ ತುಂಬಿದ ವಿಒಬಿ ಕಡತಗಳು. ಒಂದೊಂದೂ 1 ಜಿಬಿ ಮೀರುವಂತಿಲ್ಲ. ಹಾಗಾಗಿ ಧಾರೆಯ ನೀರು ಬೀಳುತ್ತಿರುವಾಗಲೇ ಒಂದು ಕಡತ ಮುಗಿದು ಇನ್ನೊಂದು ಶುರು.

ಮೊದಲು ಇವನ್ನು ಹಾರ್ಡ್‌ಡಿಸ್ಕಿಗೆ ನಕಲು ಮಾಡಬೇಕು. ಡಿವಿಡಿಯಿಂದಲೇ ಟೈಮ್‌ಲೈನಿಗೆ (ಎಡಿಟರಿನಲ್ಲಿ ತುಂಡುಗಳನ್ನು ಜೋಡಿಸುವ ಪಟ್ಟಿ) ಎಳೆದು ಬಿಟ್ಟರೆ, ಡಿವಿಡಿ ಹೊರಗೆ ತೆಗೆದ ಕೂಡಲೇ ಮದುವೆಯೂ ಮಾಯ. ಆಮೇಲೆ ತುಂಡುಗಳನ್ನು ಸಾಲಾಗಿ ಜೋಡಿಸಿ, ಒಳಗಿರುವ ಎಂಪೆಗ್-2 ರೂಪದ ವಿಡಿಯೊ ನಿಮ್ಮ ಎಡಿಟರಿಗೆ ಒಗ್ಗದಿದ್ದರೆ ಎಂಪಿ4 ಮಾಡಿಕೊಳ್ಳಬೇಕು. ನಮ್ಮ ಕಡೆಯ ಡಿವಿಡಿ ಸಾಮಾನ್ಯವಾಗಿ ಪಾಲ್ ಅನ್ನುವ ಟಿವಿ ಪದ್ಧತಿಯದು, 720×576 ಚುಕ್ಕಿ, ಸೆಕೆಂಡಿಗೆ 25 ಫ್ರೇಮು. ಅಮೆರಿಕದ ಭಾವ ಕಳಿಸಿದ್ದಾದರೆ 720×480. ಎರಡನ್ನೂ ಒಂದೇ ಪ್ರಾಜೆಕ್ಟಿಗೆ ಸುರಿದು ಆಮೇಲೆ ನನಗೆ ಫೋನ್ ಮಾಡಬೇಡಿ.

ಕೊನೆಗೆ ಆ ಕಡತವನ್ನು ಎಡಿಟರಿನ ಪ್ರಾಜೆಕ್ಟಿಗೆ ಸೇರಿಸಬೇಕು. ಈ ಕೊನೆಯ ಕೆಲಸಕ್ಕೆ ಮಾತ್ರ ತಂತ್ರಾಂಶದವರು "ಇಂಪೋರ್ಟ್" ಅನ್ನುವುದು. ತಮಾಷೆ ಏನೆಂದರೆ, ಬಹುತೇಕ ಎಡಿಟರ್‌ಗಳಲ್ಲಿ ಆಗ ಏನೂ ಒಳಗೆ ಬರುವುದೇ ಇಲ್ಲ! ಕಡತ ಇದ್ದಲ್ಲೇ ಇರುತ್ತದೆ, ತಂತ್ರಾಂಶ ಅದರ ವಿಳಾಸ ಬರೆದಿಟ್ಟುಕೊಳ್ಳುತ್ತದೆ ಅಷ್ಟೆ. ಆಮದೂ ಅಲ್ಲ, ಒಳತರುವುದೂ ಅಲ್ಲ. ಅನುವಾದಕಿಯವರೇ, ಮೂರು ಕಡೆ ಮೂರು ಪದ ಹಾಕಿ: ನಕಲಿಸಿ, ಪರಿವರ್ತಿಸಿ, ಸೇರಿಸಿ.

ಇನ್ನೊಂದು: "ರಿಪ್" (ಡಿಸ್ಕಿನಿಂದ ನಕಲು ತೆಗೆಯುವುದು) ಅಂತ ಬಂದರೆ "ಸೀಳು" ಅನ್ನಬೇಡಿ, ಪುಣ್ಯ ಬರುತ್ತದೆ. ಅಂಗಡಿಯ ಸಿನಿಮಾ ಡಿವಿಡಿಗಳಿಗೆ ಹಾಕುವ, ನಕಲು ತಡೆಯುವ ಸಿಎಸ್‌ಎಸ್ ಬೀಗ ಮನೆಯ ಡಿವಿಡಿಗಳಿಗೆ ಇರುವುದಿಲ್ಲ. ಒಡೆಯುವುದಕ್ಕೇನೂ ಇಲ್ಲ, ಬರೀ ನಕಲು.

ಅಚ್ಚಗನ್ನಡ:
"ನಕಲು" ಅರಬ್ಬಿಯದು. "ಪರಿವರ್ತಿಸಿ"ಗೆ "ಮಾರ್ಪಡಿಸಿ" ಕಣ್ಣಿಗೆ ಬೀಳಲಿಲ್ಲವೆ?

ಕತ್ತರಿ ಕೆಲಸದವ:
ಮಾರ್ಪಡಿಸಿ ಚೆನ್ನಾಗಿದೆ, ಒಪ್ಪಿದೆ. ನಕಲನ್ನು ಬಿಡುವುದಿಲ್ಲ. ತಾಲೂಕು ಕಚೇರಿಗೆ ಹೋಗಿ ಪಹಣಿಯ "ನಕಲು" ಬದಲು ಬೇರೇನಾದರೂ ಕೇಳಿ ನೋಡಿ, ಸಂಜೆಯವರೆಗೂ ಬೆಂಚಿನ ಮೇಲೇ ಕೂತಿರುತ್ತೀರಿ.

ಹಳಗನ್ನಡ ಮೇಷ್ಟ್ರು:
ಕೆಲಸ ಮೂರಾದರೆ ಪದ ಮೂರು, ಸರಿ. ಆದರೆ ಬರೀ "ಸೇರಿಸಿ" ಎಂದರೆ ಯಾವುದಕ್ಕೆ? ಚತುರ್ಥಿ ಎಲ್ಲಿ?

ಅನುವಾದಕಿ:
"ಪ್ರಾಜೆಕ್ಟ್‌ಗೆ ಸೇರಿಸಿ" ಅಂತ ಹಾಕಿದ್ದೇನೆ ಸರ್. "ಮನೆಚಿತ್ರ" ತೆಗೆದು "ಮನೆಯ ವಿಡಿಯೊ" ಮಾಡಿದೆ, ಷಷ್ಠಿಯೇ ಇದೆ. ಕತ್ತರಿಯವರಿಗೆ ತುಂಬಾ ಥ್ಯಾಂಕ್ಸ್, ಮೂರು ಹೆಜ್ಜೆಯನ್ನೂ ಹಾಗೇ ಬಿಡಿಸಿ ಬರೆದೆ.

ಅಚ್ಚಗನ್ನಡ:
ಪ್ರಾಜೆಕ್ಟ್‌ಗೆ "ಹಮ್ಮುಗೆ" ಇದೆಯಲ್ಲ!

ಅನುವಾದಕಿ:
ಆರೂ ಹತ್ತು. ಪ್ರೆಸ್ಸಿನವರು ಅರ್ಧ ಷಟರ್ ಎಳೆದಿದ್ದಾರೆ. ಪ್ರಾಜೆಕ್ಟ್ ಪ್ರಾಜೆಕ್ಟೇ.