ಅಜ್ಜಿಯ ಅವಲಕ್ಕಿ ಸರಕ್ಕೆ ಎರಡು ಅಂಗಡಿ, ಎರಡು ಬೆಲೆ. ಯಾವುದು ಸರಿ?

ಶಿಡ್ಲಘಟ್ಟದ ರೀಲರ್ ಮನೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿ ಹೋಗಿ ಒಂದು ವರ್ಷ ಆಯ್ತು. ವರ್ಷದ ಕಾರ್ಯ ಮುಗಿದ ಮಾರನೇ ದಿನ ಅಮ್ಮ ಟ್ರಂಕಿನಿಂದ ಒಡವೆ ಡಬ್ಬ ತೆಗೆದು ಮುಂದಿಟ್ಟರು. "ಮೂರು ಜನವೂ ಕೂತು ಹಂಚಿಕೊಳ್ಳಿ, ನನ್ನ ಏನೂ ಕೇಳಬೇಡಿ" ಅಂದರು. ಅಣ್ಣ, ನಾನು, ತಂಗಿ. ಜಗಳ ಇನ್ನೂ ಶುರುವಾಗಿಲ್ಲ. ಆಗೋದೂ ಬೇಡ ಅಂತಲೇ ಇಲ್ಲಿ ಕೇಳುತ್ತಿದ್ದೇನೆ.

ಡಬ್ಬದಲ್ಲಿ ಒಂದು ಜೊತೆ ಬಳೆ ಇದೆ, 24 ಗ್ರಾಂ. 2022ರಲ್ಲಿ ಅಣ್ಣ ಮಾಡಿಸಿಕೊಟ್ಟಿದ್ದು, 22 ಕ್ಯಾರೆಟ್ ಅನ್ನೋ 916 ಮುದ್ರೆ ಇದೆ. ಅವಲಕ್ಕಿ ಸರ 31.4 ಗ್ರಾಂ. ಅಜ್ಜಿ ಮದುವೆಯದು, ಮುದ್ರೆ ಗಿದ್ರೆ ಏನೂ ಇಲ್ಲ. ಗುಂಡಿನ ಸರ 18.6. ಕೆಂಪಿನ ಓಲೆ 6.2, ಅದರಲ್ಲಿ ಒಂದು ಕಲ್ಲು ಬಿದ್ದುಹೋಗಿದೆ.

ಅವಲಕ್ಕಿ ಸರ ತಗೊಂಡು ಎರಡು ಅಂಗಡಿಗೆ ಹೋದೆ. ಮೊದಲನೆಯವರು ತಕ್ಕಡಿಗೆ ಹಾಕಿ, ಮುಖ ಸಿಂಡರಿಸಿ, "ಹಳೇ ಮಾಲು, 20 ಪರ್ಸೆಂಟ್ ಹೋಗುತ್ತೆ" ಅಂದರು. ಪರೀಕ್ಷೆ ಅಂತ ಏನೂ ಮಾಡಲಿಲ್ಲ. ಎರಡನೆಯವರು ಚಿನ್ನ ಎಷ್ಟು ಶುದ್ಧ ಅಂತ ಹೇಳೋ ಮೆಷಿನ್ನಿಗೆ ಇಟ್ಟರು, 84 ಅಂತ ಬಂತು. ಚೀಟಿ ಹಿಂದೆ ನೀಲಿ ಪೆನ್ನಲ್ಲಿ "31.4 × 84% × ಇವತ್ತಿನ 22 ಕ್ಯಾರೆಟ್ ರೇಟು" ಅಂತ ಬರೆದುಕೊಟ್ಟರು. ಮೊದಲನೆಯವರಿಗಿಂತ ಜಾಸ್ತಿ ಬಂತು. ಮೆಷಿನ್ ಬೇರೆ ಇದೆ, ಇವರೇ ಸರಿ ಇರಬೇಕು ಅನ್ನಿಸಿತು. ಆದರೂ ಮನಸ್ಸು ಒಪ್ಪುತ್ತಿಲ್ಲ.

ನಮ್ಮದು ರೇಷ್ಮೆ ರೀಲಿಂಗ್ ಮನೆ. ದುಡ್ಡು ಕೊಡೋದು ಗೂಡಿನ ತೂಕಕ್ಕೆ, ಕಣ್ಣು ಇರೋದು ನೂಲಿನ ಮೇಲೆ. ಏಳು ಕೆಜಿ ಗೂಡಿಗೆ ಒಂದು ಕೆಜಿ ನೂಲು ಇಳಿಯುತ್ತಾ ಅಂತ ಹರಾಜಿಗೆ ಮುಂಚೆನೇ ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ ಲೆಕ್ಕ ಹಾಕುತ್ತೇವೆ. ಚಿನ್ನದಲ್ಲಿ ಆ ಲೆಕ್ಕ ಹೇಗೆ?

ತುಮಕೂರು ಹುಡುಗಿ

ಅಕ್ಕ, ದುಡ್ಡಿಗೆ ಮಾರಬೇಡಿ, ಎಕ್ಸ್‌ಚೇಂಜ್ ಮಾಡಿಸಿ. ನಾವು ಹೋದ ವರ್ಷ ಮಾಡಿಸಿದಾಗ ಹಳೇದಕ್ಕೆ ಒಂದು ಪೈಸೆ ಕಟ್ ಮಾಡಲಿಲ್ಲ.

ಚಿಂತಾಮಣಿ ಆಚಾರಿ

ತುಮಕೂರು ತಾಯಿ, ಆ ಬಿಲ್ಲಲ್ಲಿ ಹೊಸ ಒಡವೆಗೆ ವೇಸ್ಟೇಜ್, ಅಂದರೆ ಮಾಡುವಾಗ ಸವೆಯಿತು ಅಂತ ಸೇರಿಸೋ ಚಿನ್ನ, ಎಷ್ಟು ಹಾಕಿದ್ದಾರೆ ನೋಡಿ. ಹಳೇದರಲ್ಲಿ ಬಿಟ್ಟಿದ್ದು ಅಲ್ಲಿ ಕೂತಿರುತ್ತೆ. ಅದೂ ಅಲ್ಲದೆ ಅವರು ಹಂಚಿಕೊಳ್ಳೋಕೆ ಕೇಳುತ್ತಿದ್ದಾರೆ, ಮಾರೋಕಲ್ಲ.

ಶಿಡ್ಲಘಟ್ಟದಮ್ಮ, ನಿಮ್ಮ ಮನಸ್ಸು ಒಪ್ಪದೇ ಇದ್ದದ್ದು ಒಳ್ಳೇದಾಯ್ತು. ನಮ್ಮಪ್ಪ ಒರೆಗಲ್ಲು ಹಿಡಿದವರು. ನಾನು ಇಪ್ಪತ್ತು ವರ್ಷ ಬ್ಯಾಂಕಿಗೆ ಚಿನ್ನ ನೋಡಿಕೊಟ್ಟಿದ್ದೇನೆ. ಎರಡನೇ ಚೀಟಿಯಲ್ಲಿ ಎರಡು ಸಲ ಕತ್ತರಿ ಬಿದ್ದಿದೆ.

ಹೇಗೆ ಅಂದರೆ, 84 ಅನ್ನೋದು ಟಚ್. ನೂರು ಪಾಲಿನಲ್ಲಿ 84 ಪಾಲು ಅಪರಂಜಿ, ಉಳಿದದ್ದು ತಾಮ್ರ, ಬೆಳ್ಳಿ. ಅದನ್ನು ಗುಣಿಸಬೇಕಾದ್ದು 24 ಕ್ಯಾರೆಟ್, ಅಂದರೆ ಅಪರಂಜಿಯ ರೇಟಿಗೆ. 22 ಕ್ಯಾರೆಟ್ ರೇಟು ಅಂದರೇ ಅದು 91.6 ಟಚ್ಚಿನ ರೇಟು. ಅಂದರೆ 8.4 ಪಾಲು ಆಗಲೇ ಕಳೆದಾಗಿದೆ. ಅದರ ಮೇಲೆ ಮತ್ತೆ 84 ಹಾಕಿದರೆ ಒಂದೇ ಕುರಿಯನ್ನು ಎರಡು ಸಲ ಬೋಳಿಸಿದ ಹಾಗೆ.

ಲೆಕ್ಕಕ್ಕೆ ಸುಲಭ ಆಗಲಿ ಅಂತ 22 ಕ್ಯಾರೆಟ್ ಗ್ರಾಂಗೆ 10,000 ಅಂದುಕೊಳ್ಳಿ. ಸರದಲ್ಲಿರೋ ಅಪರಂಜಿ 31.4 × 0.84, ಅಂದರೆ 26.376 ಗ್ರಾಂ. ಇದನ್ನು 0.916ರಿಂದ ಭಾಗಿಸಿದರೆ 28.8 ಗ್ರಾಂ 22 ಕ್ಯಾರೆಟ್‌ಗೆ ಸಮ. ಬೆಲೆ ಸುಮಾರು 2,87,950. ನಿಮ್ಮ ನೀಲಿ ಪೆನ್ನಿನವರ ಲೆಕ್ಕದಲ್ಲಿ 2,63,760. ಮುಖ ಸಿಂಡರಿಸಿದವರದ್ದು 2,51,200. ಕರಗಿಸೋ ಖರ್ಚು, ಅವರ ಲಾಭ ಅಂತ ಒಂದಿಷ್ಟು ಹಿಡಿದುಕೊಳ್ಳಲಿ, ಅದು ವ್ಯಾಪಾರ. ಆದರೆ ಅದನ್ನು ಬಾಯಿಬಿಟ್ಟು ಹೇಳಿ ಹಿಡಿಯಬೇಕು. 24 ಸಾವಿರವನ್ನು ಗುಣಾಕಾರದಲ್ಲಿ ಬಚ್ಚಿಡಬಾರದು.

ಇನ್ನು ಮೆಷಿನ್. ಅದು ಮೇಲ್ಮೈ ಮಾತ್ರ ನೋಡುತ್ತೆ. ಒಂದೇ ಕಡೆ ಇಟ್ಟು ಹೇಳಿದ್ದನ್ನು ನಂಬಬೇಡಿ. ಅವಲಕ್ಕಿ ಸರದಲ್ಲಿ ಬೆಸುಗೆ ಜಾಸ್ತಿ. ಹಳೇ ಬೆಸುಗೆ ಟಚ್ ಕಮ್ಮಿ. ಕೊಕ್ಕೆ ಹತ್ತಿರ ಇಟ್ಟರೆ ಒಂದು, ಬಿಲ್ಲೆ ಮೇಲೆ ಇಟ್ಟರೆ ಇನ್ನೊಂದು ಬರುತ್ತೆ. ನಾಲ್ಕು ಕಡೆ ಇಡಿಸಿ. ಕೊಳ್ಳುವ ಅಂಗಡಿಯಲ್ಲೇ ಪರೀಕ್ಷೆ ಮಾಡಿಸೋದಕ್ಕಿಂತ ಬಿಐಎಸ್ (ಕೇಂದ್ರ ಸರ್ಕಾರದ ಗುಣಮಟ್ಟ ಸಂಸ್ಥೆ) ಮಾನ್ಯತೆಯ ಹಾಲ್‌ಮಾರ್ಕಿಂಗ್ ಸೆಂಟರಿಗೆ ಹೋಗಿ. ನಾಲ್ಕು ಒಡವೆವರೆಗೆ 200 ರೂಪಾಯಿ ಚಾರ್ಜು, ವರದಿ ಬರೆದುಕೊಡುತ್ತಾರೆ. ಬಳೆ ಬೇಕಿಲ್ಲ. ಅದರಲ್ಲಿ ಆರು ಅಕ್ಷರ-ಅಂಕಿಯ ಗುರುತಿನ ನಂಬರು, ಅಂದರೆ ಎಚ್‌ಯುಐಡಿ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಟಚ್ಚು, ಒಡವೆ ಯಾವುದು, ಎರಡೂ ಬರುತ್ತೆ. ಬಳೆ ಕೈಯಲ್ಲಿದ್ದು ಆ್ಯಪ್ ಉಂಗುರ ಅಂದರೆ ಅನುಮಾನ ಪಡಿ.

ಗುಂಡಿನ ಸರದ 18.6 ಅನ್ನು ಮರೆತುಬಿಡಿ. ಗುಂಡಿನ ತೂತಿನ ಬಾಯಲ್ಲಿ ಕಪ್ಪಗೆ, ಕೆಂಪಗೆ ಏನಾದರೂ ಕಾಣುತ್ತಾ? ಅದು ಅರಗು. ತೆಳು ತಗಡಿನ ಗುಂಡು ನೆಗ್ಗಬಾರದು ಅಂತ ತುಂಬುತ್ತಾರೆ. ಕಾಯಿಸಿ ಅರಗು ಇಳಿಸದೆ ಒಳಗೆ ಚಿನ್ನ ಎಷ್ಟು ಅಂತ ಯಾವ ಮೆಷಿನ್ನೂ ಹೇಳಲ್ಲ.

ಕೊನೆಗೆ ಒಂದು ಮಾತು. ರೂಪಾಯಿಗೆ ಹಂಚಬೇಡಿ, ಅಪರಂಜಿ ಗ್ರಾಂಗೆ ಹಂಚಿ. ಇವತ್ತಿನ ರೇಟಿಗೆ ಬರೆದಿಟ್ಟರೆ ಯುಗಾದಿ ಹೊತ್ತಿಗೆ ಯಾರಿಗಾದರೂ ಮೋಸ ಆಯ್ತು ಅನ್ನಿಸುತ್ತೆ. ಗ್ರಾಂ ಬರೆದಿಟ್ಟರೆ ರೇಟು ಏರಿದರೂ ಇಳಿದರೂ ಎಲ್ಲರಿಗೂ ಒಂದೇ.

ರಾಬರ್ಟ್‌ಸನ್‌ಪೇಟೆ

ಸಾರ್, ನೀರಲ್ಲಿ ಮುಳುಗಿಸಿ ತೂಗಿದರೆ ಟಚ್ ಗೊತ್ತಾಗುತ್ತೆ ಅಂತಾರಲ್ಲ? ನಮ್ಮಜ್ಜ ಇಲ್ಲಿ ಕೆಜಿಎಫ್ ಚಿನ್ನದ ಗಣಿಯಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿತು, ಮನೆಯಲ್ಲಿ ಉಳಿದ ಚಿನ್ನ ಅಂದರೆ ಅಜ್ಜಿಯ ಮೂಗುತಿ ಒಂದೇ 😀

ಚಿಂತಾಮಣಿ ಆಚಾರಿ

ಗಟ್ಟಿ ಬಳೆಗೆ, ಬಿಸ್ಕತ್ತಿಗೆ ಆಗುತ್ತೆ. ಅಷ್ಟೇ ಗಾತ್ರದ ನೀರಿನ 19.3 ಪಟ್ಟು ತೂಕ ಬಂದರೆ ಅಪರಂಜಿ. ಆದರೆ ಅರಗಿನ ಗುಂಡಿಗೆ, ಕಲ್ಲಿನ ಓಲೆಗೆ ಆ ಲೆಕ್ಕ ನಿಲ್ಲಲ್ಲ. ನಿಮ್ಮ ಮೂಗುತಿಗೂ ಅಷ್ಟೆ, ಅಡುಗೆಮನೆ ತಕ್ಕಡಿಗೆ ಅದು ಕಾಣೋದೇ ಇಲ್ಲ.

ಶಿಡ್ಲಘಟ್ಟದ ರೀಲರ್ ಮನೆಯವಳು

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ತಂಗಿನ ಕರೆದುಕೊಂಡು ಬೆಂಗಳೂರಿಗೆ ಹೋಗಿದ್ದೆ. ಸರದ ಬಿಲ್ಲೆಗಳ ಮೇಲೆ ಮೂರು ಕಡೆಯೂ 84ರ ಆಸುಪಾಸು, ಕೊಕ್ಕೆ ಹತ್ತಿರ ಮಾತ್ರ 79. ವರದಿಯಲ್ಲಿ 83.9 ಬರೆದುಕೊಟ್ಟರು. ಓಲೆಯನ್ನು ಇಲ್ಲೇ ಒಬ್ಬ ಆಚಾರ್ರಿಗೆ ತೋರಿಸಿದೆ. ಕಲ್ಲು, ಅದರ ಹಿಂದಿನ ಮೇಣ ಸೇರಿ 1.9 ಗ್ರಾಂ ತೆಗೆದು, 88 ಟಚ್ ಅಂದರು. ಬಳೆ ಆ್ಯಪ್‌ನಲ್ಲಿ ಬಳೆ ಅಂತಲೇ ಬಂತು.

ರಾತ್ರಿ ಊಟ ಆದಮೇಲೆ ಮೂರು ಜನ ಕೂತು ಅಪ್ಪನ ನೂಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದೆವು. ಸರ 26.3, ಬಳೆ 22, ಓಲೆ 3.8. ಒಟ್ಟು 52.1 ಗ್ರಾಂ ಅಪರಂಜಿ, ತಲೆಗೆ 17.4. ಸರ ನನಗೆ, ಬಳೆ ತಂಗಿಗೆ, ಓಲೆ ಅತ್ತಿಗೆಗೆ ಇಷ್ಟ ಅಂತ ಅಣ್ಣನಿಗೆ. ಅಣ್ಣನಿಗೆ ನಾನು 9 ಗ್ರಾಂ, ತಂಗಿ 4.6 ಗ್ರಾಂ ಬಾಕಿ. ಯಾವಾಗ ಕೊಡುತ್ತೇವೋ ಅವತ್ತಿನ 24 ಕ್ಯಾರೆಟ್ ರೇಟು. ಮೂರು ಜನವೂ ಸಹಿ ಹಾಕಿದೆವು. ಅಣ್ಣ ನಗುತ್ತಾ "ರೇಟು ಇಳಿಯೋವರೆಗೂ ಕಾಯ್ತೀರಾ ಇಬ್ಬರೂ" ಅಂದ. ಹೌದು ಅಂದೆ.

ಗುಂಡಿನ ಸರ ಮಾತ್ರ ಹಾಗೇ ಇದೆ. ತೂತಲ್ಲಿ ಕೆಂಪಗೆ ಅರಗು ಕಾಣುತ್ತೆ, ನೀವು ಹೇಳಿದ ಹಾಗೇ. ಕಾಯಿಸಿ ಇಳಿಸಬೇಕಂತೆ ಅಂದಿದ್ದಕ್ಕೆ ಅಮ್ಮ ಕೈಯಿಂದ ಕಿತ್ತುಕೊಂಡು ಕೊರಳಿಗೆ ಹಾಕಿಕೊಂಡರು. "ನಾನು ಹೋದ ಮೇಲೆ ಕಾಯಿಸ್ಕೊಳ್ಳಿ" ಅಂತ. ಏನೂ ಕೇಳಬೇಡಿ ಅಂದಿದ್ದವರು ಇವರೇ.

ಚಿಂತಾಮಣಿ ಆಚಾರಿ

ಅಮ್ಮ ಹಾಕ್ಕೊಳ್ಳಲಿ ಬಿಡಿ. ಆದರೆ ದಾರ ಬದಲಾಯಿಸಿ ಕೊಡಿ, ವರ್ಷಗಟ್ಟಲೆ ಟ್ರಂಕಲ್ಲಿದ್ದದ್ದು ಸವೆದಿರುತ್ತೆ. ಪೋಣಿಸೋ ಮುಂಚೆ ಗುಂಡು ಎಷ್ಟಿದೆ ಎಣಿಸಿಕೊಳ್ಳಿ.